ಸದ್ದು ಮಾಡಬೇಡಿ, ಭಾಷಣದ ಕ್ಲಾಸ್ ನಡೀತಿದೆ

ನಾನು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಭಾಷಣ ಕಲಿಸುವ ಮೇಷ್ಟ್ರು. ಕ್ಲಾಸಿನಲ್ಲಿ 60 ಜನ, ಪೀರಿಯಡ್ 50 ನಿಮಿಷ. ಭಾಗಿಸಿದರೆ ತಲೆಗೆ 50 ಸೆಕೆಂಡ್. ಅದರಲ್ಲೂ ಹಾಜರಿಗೇ ಹತ್ತು ನಿಮಿಷ ಹೋಗುತ್ತದೆ. ಹೋಗಲಿ ಬಿಡಿ, ಬಹಳಷ್ಟು ಮಕ್ಕಳಿಗೆ ಆ 'ಯೆಸ್ ಸರ್' ಒಂದೇ ಅವತ್ತಿನ ಇಂಗ್ಲಿಷ್ ಭಾಷಣ. ಉಳಿದ ಹೊತ್ತೆಲ್ಲ ಮಾತಾಡುವುದು ನಾನು. ಭಾಷಣ ಎಂದರೇನು, ಅದರಲ್ಲಿ ಎಷ್ಟು ಬಗೆ, ಒಳ್ಳೆಯ ಭಾಷಣಕಾರನ ಲಕ್ಷಣಗಳೇನು. ನಡುವೆ ಯಾರಾದರೂ ಪಿಸುಗುಟ್ಟಿದರೆ ಗದರುತ್ತೇನೆ: 'ಮಾತಾಡಬೇಡ್ರಿ!' ಹೀಗೆ ಇಪ್ಪತ್ತು ವರ್ಷದಲ್ಲಿ ಒಬ್ಬ ಒಳ್ಳೆಯ ಭಾಷಣಕಾರ ತಯಾರಾಗಿದ್ದಾನೆ. ನಾನೇ.

ನನ್ನ ಹತ್ತಿರ ಒಂದು ಸ್ಲೈಡ್ ಇದೆ. ಈ ಪಾಠ ಮಾಡುವವರಲ್ಲಿ ಅದಿಲ್ಲದವರು ಕಡಿಮೆ. ಮಾತಿನ ಪರಿಣಾಮದಲ್ಲಿ ಪದಗಳ ಪಾಲು ಶೇ. 7, ದನಿಯದು ಶೇ. 38, ಉಳಿದ ಶೇ. 55 ಮುಖ ಮತ್ತು ಮೈಯದು. ಇದರ ಮೂಲ 1967ರಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರಾಬಿಯನ್ ಪ್ರಕಟಿಸಿದ ಪ್ರಯೋಗಗಳು. ಪಾಪ, ಅವರು ಭಾಷಣದ ಗೋಜಿಗೇ ಹೋಗಿರಲಿಲ್ಲ. ಬಿಡಿಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿದ್ದರು, ಮುಖದ ಫೋಟೋ ತೋರಿಸಿದ್ದರು. ಆಡಿದವರ ಮನಸ್ಸಿನಲ್ಲಿರುವುದು ಇಷ್ಟವೋ ಅಲ್ಲವೋ ಎಂದು ಊಹಿಸಲು ಹೇಳಿದ್ದರು, ಅಷ್ಟೇ. ಭಾವನೆಯ ಮಾತು ಬಿಟ್ಟು ಬೇರೆ ಕಡೆಗೆ ಈ ಲೆಕ್ಕ ಹೊಂದುವುದಿಲ್ಲ ಎಂದು ಅವರೇ ಹೇಳಿದ್ದಾರೆ. ಸ್ಲೈಡಿಗೆ ಅದೆಲ್ಲ ಗೊತ್ತಿಲ್ಲ. ಹೋದ ಸೆಮಿಸ್ಟರ್‌ನಲ್ಲಿ ಕೊನೆ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: 'ಸರ್, ಪದಗಳು ಬರೀ ಶೇಕಡಾ 7 ಅಂದ್ರೆ, ಇಂಗ್ಲಿಷ್ ಬರದಿದ್ರೂ 93 ಮಾರ್ಕ್ಸ್ ಸಿಗಬೇಕು ಅಲ್ವಾ?' ಲೆಕ್ಕ ಸರಿಯಾಗಿತ್ತು. ಸುಮ್ನೆ ಕೂರಿಸಿದೆ.

ಪರಭಾಷೆಯ ಕ್ಲಾಸೆಂದರೆ ಮಕ್ಕಳಿಗೆ ಎಷ್ಟು ಭಯ ಎಂದು ಅಳೆಯುವುದಕ್ಕೂ ಒಂದು ಪ್ರಶ್ನಾವಳಿಯಿದೆ. ಎಲೇನ್ ಹಾರ್ವಿಟ್ಜ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ್ದು, 33 ವಾಕ್ಯ. ಕೆಲಸಕ್ಕೆ ಬರುವಂಥದ್ದೇ. ನಾವು ಅದನ್ನು ಇದ್ದ ಹಾಗೇ ಇಂಗ್ಲಿಷಿನಲ್ಲಿ ಹಂಚಿದೆವು. ಓದಿ ಗಾಬರಿಯಾದವರೆಲ್ಲ 'ಒಪ್ಪುತ್ತೇನೆ', 'ಒಪ್ಪುವುದಿಲ್ಲ' ಎರಡರ ನಡುವಿನ ಖಾನೆಗೆ ಟಿಕ್ ಹಾಕುತ್ತಾ ಹೋದರು. ನಮ್ಮ ವರದಿ: 'ಆತಂಕ ಸಾಧಾರಣ'.

ಕೊನೆಗೆ ಪರೀಕ್ಷೆ. ಬರವಣಿಗೆಯಲ್ಲಿ, ಮತ್ತೆ ಹೇಗೆ? ಮೂರು ಗಂಟೆ ಯಾರೂ ತುಟಿ ಪಿಟಕ್ ಎನ್ನುವಂತಿಲ್ಲ. ಮಾತಾಡಿದರೆ ಡಿಬಾರ್. ಸಭೆಯ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದಕ್ಕೆ 5 ಅಂಕ ಇಟ್ಟಿದ್ದೇವೆ. ಒಬ್ಬ ಜಾಣ ಪ್ರತಿ ಪ್ಯಾರಾದ ಪಕ್ಕ ಬರೆದಿದ್ದ: 'ಇಲ್ಲಿ ಸಭೆಯನ್ನು ನೋಡುತ್ತೇನೆ.' 'ಇಲ್ಲಿ ನಗುತ್ತೇನೆ.' ಪೂರ್ತಿ ಐದೂ ಕೊಟ್ಟೆ. ಕೊನೆಯ ಸಾಲಿನ ಕೆಳಗೆ 'ಚಪ್ಪಾಳೆ' ಎಂದೂ ಬರೆದಿದ್ದ. ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದೆ. ಸಿಲಬಸ್‌ನಲ್ಲಿ ಇಲ್ಲ.