ಪ್ರತಿ ತಿಂಗಳೂ ಮುಟ್ಟಾಗಲೇಬೇಕಾ? ಮಾತ್ರೆ ತಿಂದು ನಿಲ್ಲಿಸುವುದರ ಪರ–ವಿರೋಧ

ಪರ: ನಿಲ್ಲಿಸಿದರೆ ತಪ್ಪೇನಿಲ್ಲ

ಗರ್ಭನಿರೋಧಕ ಮಾತ್ರೆಯ ಸ್ಟ್ರಿಪ್ ಒಂದನ್ನು ಕೈಗೆತ್ತಿಕೊಂಡು ನೋಡಿ. 28 ಮಾತ್ರೆ ಇರುವ ಸ್ಟ್ರಿಪ್ಪಿನಲ್ಲಿ ಸಾಮಾನ್ಯವಾಗಿ 21ಕ್ಕೆ ಒಂದು ಬಣ್ಣ, ಕೊನೆಯ 7ಕ್ಕೆ ಇನ್ನೊಂದು. ಆ ಏಳರಲ್ಲಿ ಹಾರ್ಮೋನ್ ಇರುವುದಿಲ್ಲ. ಆ ವಾರ ರಕ್ತ ಹೋಗುತ್ತದಲ್ಲ, ಅದನ್ನು ನಾನು ವರ್ಷಗಟ್ಟಲೆ ಮುಟ್ಟು ಅಂತಲೇ ಅಂದುಕೊಂಡಿದ್ದೆ. ಅದು ಮುಟ್ಟಲ್ಲ.

ನಿಜವಾದ ಮುಟ್ಟಿನ ಹಿಂದೆ ಒಂದು ತಿಂಗಳ ಕೆಲಸ ಇರುತ್ತದೆ. ಅಂಡಾಶಯದಲ್ಲಿ ಅಂಡ ಬೆಳೆಯುವಾಗ ಈಸ್ಟ್ರೋಜನ್ ಏರುತ್ತದೆ, ಗರ್ಭಕೋಶದ ಒಳಪದರ ದಪ್ಪಗಾಗುತ್ತದೆ. ಅಂಡ ಹೊರಬಿದ್ದ ಮೇಲೆ ಅದರ ಕೋಶ ಪ್ರೊಜೆಸ್ಟರಾನ್ ಸುರಿಸುತ್ತದೆ, ಗರ್ಭ ನಿಲ್ಲದಿದ್ದರೆ ಸುಮಾರು ಎರಡು ವಾರಕ್ಕೆ ಬಾಡಿಹೋಗುತ್ತದೆ, ಹಾರ್ಮೋನ್ ಇಳಿದು ಆ ಪದರ ಕಳಚಿ ಬರುತ್ತದೆ. ಈಸ್ಟ್ರೋಜನ್, ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್‌ನಂತೆ ಕೆಲಸ ಮಾಡುವ ಕೃತಕ ಹಾರ್ಮೋನ್) ಎರಡೂ ಇರುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಾಮಾನ್ಯವಾಗಿ ಅಂಡ ಬೆಳೆದು ಹೊರಬರುವುದೇ ಇಲ್ಲ. ಒಳಪದರ ತೆಳ್ಳಗೇ ಉಳಿಯುತ್ತದೆ. ಏಳು ದಿನ ಹಾರ್ಮೋನ್ ತಪ್ಪಿದ್ದಕ್ಕೆ ಒಂದಿಷ್ಟು ರಕ್ತ ಬರುತ್ತದೆ, ಅಷ್ಟೇ.

ಹಾಗಾಗಿ "ಕೆಟ್ಟ ರಕ್ತ ಒಳಗೇ ನಿಂತುಬಿಡುತ್ತೆ" ಅನ್ನುವ ಭಯಕ್ಕೆ ಅರ್ಥವಿಲ್ಲ. ಪದರ ಕಟ್ಟಿಯೇ ಇಲ್ಲ ಅಂದ ಮೇಲೆ ನಿಲ್ಲುವುದೇನು? 1960ರಲ್ಲಿ ಅಮೆರಿಕದಲ್ಲಿ ಮೊದಲ ಗರ್ಭನಿರೋಧಕ ಮಾತ್ರೆಗೆ ಅನುಮತಿ ಸಿಕ್ಕಾಗಲೂ ತಿಂಗಳಿಗೊಂದು ಬಿಡುವು ಇಟ್ಟಿದ್ದು ಸಹಜ ಚಕ್ರದಂತೆ ಕಾಣಲಿ ಅಂತ. 2003ರಲ್ಲಿ ಮೂರು ತಿಂಗಳಿಗೊಮ್ಮೆ ಮಾತ್ರ ರಕ್ತ ಬರುವ ಮಾತ್ರೆಗೆ ಅಲ್ಲಿ ಒಪ್ಪಿಗೆ ಸಿಕ್ಕಿತು, 2007ರಲ್ಲಿ ವರ್ಷವಿಡೀ ಬಿಡುವಿಲ್ಲದೆ ತೆಗೆದುಕೊಳ್ಳುವುದಕ್ಕೂ.

ನನಗೆ ಇದು ಬರೀ ಅನುಕೂಲದ ಮಾತಲ್ಲ. ನನಗಿರುವುದು ಎಂಡೋಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದೇ ಅಂಗಾಂಶ ಅಂಡಾಶಯದ ಮೇಲೆ, ಗರ್ಭಕೋಶದ ಹಿಂದೆ, ಹೀಗೆ ಎಲ್ಲೆಲ್ಲೋ ಬೆಳೆದು, ತಿಂಗಳ ಹಾರ್ಮೋನ್ ಏರಿಳಿತಕ್ಕೆ ಅದೂ ಕೆರಳುತ್ತದೆ. ರಾತ್ರಿ ಮೂರು ಗಂಟೆಗೆ ಬಚ್ಚಲಿನ ನೆಲದ ಮೇಲೆ ಮೊಣಕಾಲು ಎದೆಗೆ ಒತ್ತಿಕೊಂಡು ಬೆಳಗಾಗುವುದನ್ನೇ ಕಾದ ತಿಂಗಳುಗಳೆಷ್ಟೋ. "ಎಲ್ಲರಿಗೂ ಇರೋದೇ, ತಡ್ಕೋಬೇಕು" ಅಂದವರೇ ಜಾಸ್ತಿ. ಬಿಡುವಿನ ವಾರ ಬಿಟ್ಟು ಸತತವಾಗಿ ಮಾತ್ರೆ ತೆಗೆದುಕೊಳ್ಳಲು ಶುರುಮಾಡಿದ ಮೇಲೆ ಆ ರಾತ್ರಿಗಳು ನಿಂತವು. ರೋಗ ಹೋಗಿಲ್ಲ, ಮಾತ್ರೆ ಬಿಟ್ಟರೆ ನೋವು ಮರಳಬಹುದು ಅಂತ ಗೊತ್ತು. ಆದರೂ ನನ್ನ ದಿನಗಳು ನನಗೆ ವಾಪಸ್ ಸಿಕ್ಕಿವೆ.

ರಕ್ತ ಜಾಸ್ತಿ ಹೋಗುವವರ ವಿಷಯವೂ ಇದೆ. ಸಾಮಾನ್ಯವಾಗಿ ಒಂದು ಮುಟ್ಟಿನಲ್ಲಿ ಹೋಗುವುದು 30–40 ಮಿಲಿ. 80 ಮಿಲಿ ದಾಟಿದರೆ ದೇಹದಿಂದ ಸುಮಾರು 40 ಮಿಲಿಗ್ರಾಂ ಕಬ್ಬಿಣ ಹೋದಂತೆ, ಅದೂ ಪ್ರತಿ ತಿಂಗಳು. ಇನ್ನು ಮಕ್ಕಳಾಗುವುದಿಲ್ಲ ಅನ್ನುವ ಹೆದರಿಕೆ ಬೇಡ. ಮಾತ್ರೆ ಬಿಟ್ಟ ಕೆಲವು ವಾರ ಅಥವಾ ತಿಂಗಳಲ್ಲಿ ಹೆಚ್ಚಿನವರಿಗೆ ಅಂಡ ಬಿಡುಗಡೆ ಮತ್ತೆ ಶುರುವಾಗುತ್ತದೆ.

ವಿರೋಧ: ಮೊದಲು ಕಾರಣ ಕೇಳಿ

ಮಾತ್ರೆ ತೆಗೆದುಕೊಳ್ಳುವಾಗ ಬರುವ ರಕ್ತ ಮುಟ್ಟಲ್ಲ ಅನ್ನುವುದು ನಿಜ. ನನ್ನ ಭಯ ಇರುವುದೇ ಅಲ್ಲಿ.

ನನ್ನ ಮಗಳಿಗೆ ಹದಿನಾರರಲ್ಲಿ ನಾಲ್ಕು ತಿಂಗಳು ಮುಟ್ಟಾಗಲಿಲ್ಲ. ತೋರಿಸಿದ ಡಾಕ್ಟರು ಐದೇ ನಿಮಿಷದಲ್ಲಿ ಹಾರ್ಮೋನ್ ಮಾತ್ರೆ ಬರೆದುಕೊಟ್ಟರು, ರಕ್ತಪರೀಕ್ಷೆ ಬರೆಯಲಿಲ್ಲ. ಮುಂದಿನ ತಿಂಗಳಿಂದ ಗಡಿಯಾರ ಇಟ್ಟಂತೆ ರಕ್ತ ಬಂತು, ನಾವೂ ನಿರಾಳವಾದೆವು. ವರ್ಷದ ಮೇಲೆ ಒಂದು ದಿನ "ಅಮ್ಮಾ, ಇದೇನು ನೋಡು" ಅಂತ ಒಳಬಟ್ಟೆ ತಂದು ತೋರಿಸಿದಳು. ಎದೆಯ ಭಾಗದಲ್ಲಿ ಎರಡು ಸಣ್ಣ ಒದ್ದೆ ಕಲೆ. ಹಾಲಿನಂಥದ್ದು. ಆಗ ಬೇರೆ ಡಾಕ್ಟರು ಪರೀಕ್ಷೆ ಮಾಡಿಸಿದರೆ ಎದೆಹಾಲು ಬರಿಸುವ, ಜಾಸ್ತಿಯಾದರೆ ಮುಟ್ಟನ್ನೂ ನಿಲ್ಲಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನ್ ವಿಪರೀತ ಏರಿತ್ತು. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಪುಟ್ಟ ಗಂಟು. ಕ್ಯಾನ್ಸರ್ ಅಲ್ಲ, ಮಾತ್ರೆಗೆ ಬಗ್ಗುವಂಥದ್ದು. ಆದರೆ ಆ ಒಂದು ವರ್ಷ, ತಿಂಗಳು ತಿಂಗಳೂ ಬಂದ ಆ ರಕ್ತ ನಮಗೆ "ಎಲ್ಲ ಸರಿಯಾಗಿದೆ" ಅಂತ ಸುಳ್ಳು ಹೇಳುತ್ತಲೇ ಇತ್ತು. ಇನ್ನು ಅದೂ ಬಾರದಂತೆ ಸತತವಾಗಿ ಮಾತ್ರೆ ಕೊಟ್ಟರೆ ಮುಟ್ಟು ಯಾಕಿಲ್ಲ ಅಂತ ಕೇಳುವ ನೆವವೇ ಉಳಿಯುವುದಿಲ್ಲ, ಅಲ್ವಾ?

ಮುಟ್ಟು ಅಂದರೆ ಗರ್ಭಕೋಶದ ಸುದ್ದಿ ಮಾತ್ರ ಅಲ್ಲ. ಥೈರಾಯ್ಡ್ ಏರುಪೇರಾದರೆ, ತೂಕ ತೀರಾ ಇಳಿದರೆ, ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇದ್ದರೆ ಅಲ್ಲಿ ಗೊತ್ತಾಗುತ್ತದೆ. ಬೆಳೆಯುವ ಹುಡುಗಿಯರ ಮುಟ್ಟನ್ನು ನಾಡಿ, ಬಿಪಿಯಷ್ಟೇ ಮುಖ್ಯವಾಗಿ ನೋಡಿ ಅಂತ ಅಮೆರಿಕದ ಸ್ತ್ರೀರೋಗ ತಜ್ಞರ ಸಂಘ 2015ರಲ್ಲಿ ಹೇಳಿದ್ದು ಸುಮ್ನೆ ಅಲ್ಲ.

ಮಾತ್ರೆಗೂ ತನ್ನದೇ ಅಪಾಯ ಇದೆ. ಮಾತ್ರೆ ತೆಗೆದುಕೊಳ್ಳದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು ಇಬ್ಬರಿಗೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ, ಈಸ್ಟ್ರೋಜನ್ ಇರುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು 5ರಿಂದ 12, ಯಾವ ಬಗೆಯ ಮಾತ್ರೆ ಅನ್ನುವುದರ ಮೇಲೆ. ಗರ್ಭಿಣಿಯರಿಗೆ ಇರುವ ಅಪಾಯಕ್ಕಿಂತ ಇದು ಕಡಿಮೆಯೇ, ಒಪ್ಪುತ್ತೇನೆ. ಆದರೆ ಬಿಪಿ ಇರುವವರು, 35 ದಾಟಿ ಸಿಗರೇಟು ಸೇದುವವರು, ತಲೆನೋವಿಗೆ ಮೊದಲು ಕಣ್ಣಮುಂದೆ ಅಂಕುಡೊಂಕು ಬೆಳಕು ಕಾಣುವ ಮೈಗ್ರೇನ್ ಇರುವವರು ಈ ಮಾತ್ರೆ ಮುಟ್ಟಬಾರದು. ಗೆಳತಿ ತಗೊಂಡಳು ಅಂತ ಅಂಗಡಿಯಲ್ಲಿ ಕೇಳಿ ತರುವವರಿಗೆ ಇದನ್ನು ಯಾರು ಹೇಳುತ್ತಾರೆ? ಮುಟ್ಟು ನಿಲ್ಲಿಸಲು ಮೂರು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ನಿನದು ಬೇರೆ ಕತೆ. ಅದರಿಂದ ಮೂಳೆಯ ಸಾಂದ್ರತೆ ಕಡಿಮೆಯಾಗಬಹುದು ಅಂತ 2004ರಲ್ಲೇ ಅಮೆರಿಕದ ಔಷಧ ಇಲಾಖೆ ಎಚ್ಚರಿಸಿತ್ತು. ಮೂಳೆ ಗಟ್ಟಿಯಾಗುವ ವಯಸ್ಸಿನ ಹುಡುಗಿಗೆ ಅದನ್ನು ಕೊಡುವ ಮುಂಚೆ ಎರಡು ಸಲ ಯೋಚಿಸಬೇಕು.

ನೋವಿನಿಂದ ನರಳುವವರು ಮಾತ್ರೆ ತಗೋಬೇಡಿ ಅಂತ ನಾನು ಹೇಳುವುದಿಲ್ಲ. ಅವರಿಗೆ ತಮ್ಮ ರೋಗದ ಹೆಸರು ಗೊತ್ತಿದೆ. ನನ್ನ ಮಗಳಿಗೆ ಗೊತ್ತಿರಲಿಲ್ಲ, ಯಾರೂ ಹುಡುಕಿಯೂ ಇರಲಿಲ್ಲ.

ಈಗ ಹಾರ್ಮೋನ್ ಮಾತ್ರೆ ಬಿಟ್ಟಿದ್ದಾಳೆ, ಪ್ರೊಲ್ಯಾಕ್ಟಿನ್ ಇಳಿಸುವ ಮಾತ್ರೆ ನಡೆದಿದೆ. ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಚುಕ್ಕಿ ಇಡುತ್ತಾಳೆ. ಒಮ್ಮೆ 38 ದಿನ, ಆಮೇಲೆ 34. ಈ ಸಲ 31ಕ್ಕೇ ಆಯಿತು ಅಂತ ಬಾಗಿಲಲ್ಲೇ ನಿಂತು ಕೂಗಿ ಹೇಳಿದಳು.