ತಾರಾಯಿ ಅಂದರೆ ತಪ್ಪಾ?

ಕಳೆದ ಜುಲೈ. ಮಳೆ ಅಂತ ಡೀಸಿಯವರು ಶಾಲೆಗಳಿಗೆ ರಜೆ ಕೊಟ್ಟಿದ್ದರು. ಉಡುಪಿ ಹತ್ತಿರದ ಸಂತೆಕಟ್ಟೆಯ ನಮ್ಮ ಮನೆಯ ಚಾವಡಿಯಲ್ಲಿ ಯುಕೆಜಿ ಮಗಳು ಟ್ಯಾಬ್ ಹಿಡಿದು ಕೂತಿದ್ದಳು. ಇಂಗ್ಲಿಷ್ ಕಲಿಸುವ ಆ್ಯಪಿನ ಪರದೆಯಲ್ಲಿ ಕಂದು ಬಣ್ಣದ ಒಂದು ಕಾಯಿ. ಇದೇನು ಅಂತ ಇಂಗ್ಲಿಷಿನಲ್ಲಿ ಒಂದು ಹೆಣ್ಣುದನಿ ಕೇಳಿತು. ಮಗಳು ಜೋರಾಗಿ ತುಳುವಿನಲ್ಲಿ "ತಾರಾಯಿ" ಅಂದಳು. ಟೊಂಯ್ ಅಂತ ಸದ್ದು. "ಟ್ರೈ ಅಗೇನ್." ಸ್ವಲ್ಪ ಯೋಚಿಸಿ "ತೆಂಗಿನಕಾಯಿ" ಅಂದಳು. ಟೊಂಯ್. ಕೊನೆಗೆ "ಕೋಕನಟ್" ಅಂತಲೇ ಹೇಳಿದಳು. ಅದಕ್ಕೂ ಟೊಂಯ್! ಅಷ್ಟೊತ್ತಿಗೆ ಅಂಗಳದ ಶೀಟಿನ ಮೇಲೆ ಮಳೆ ಬಡಿಯಲು ಶುರುವಾಗಿತ್ತು. ಪಕ್ಕದಲ್ಲಿ ಕೂತ ನನಗೇ ಸರಿಯಾಗಿ ಕೇಳಿರಲಿಲ್ಲ, ಇನ್ನು ಆ ಮೈಕಿಗೆಲ್ಲಿ ಕೇಳಬೇಕು.

ಅಡುಗೆಮನೆಯಿಂದ ಬಂದ ನನ್ನಮ್ಮ ಕೇಳಿದರು, "ತಾರಾಯಿ ಪಂಡ ದಾದ ತಪ್ಪು?"

ತಾರಾಯಿ ಅಂದರೆ ಏನು ತಪ್ಪು? ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಕೊಂಕಣಿ, ಶಾಲೆಯ ಆಯಮ್ಮನ ಹತ್ತಿರ ಕನ್ನಡ. ಎಳನೀರಾದರೆ ಬೊಂಡ, ಬಲಿತರೆ ತಾರಾಯಿ ಅಂತ ಐದು ವರ್ಷದ ಈ ಮಗುವಿಗೆ ಗೊತ್ತುಂಟು. ಗದ್ದೆಯಲ್ಲಿದ್ದರೆ ಬಾರ್, ಡಬ್ಬದಲ್ಲಿದ್ದರೆ ಅರಿ, ಬಟ್ಟಲಿಗೆ ಬಂದರೆ ನುಪ್ಪು. ಡಬ್ಬದ್ದಕ್ಕೂ ಬಟ್ಟಲಿನದ್ದಕ್ಕೂ ಇಂಗ್ಲಿಷಿನಲ್ಲಿ ಒಂದೇ ರೈಸ್. ತುಳುವಿನಲ್ಲಿ ಅಪ್ಪೆ ಅಂದರೆ ತಾಯಿ, ಕನ್ನಡದಲ್ಲಿ ಅಪ್ಪ ಅಂದರೆ ತಂದೆ. ಆ ಗೊಂದಲವನ್ನೇ ದಾಟಿ ಬಂದ ಮಕ್ಕಳು ಇವರು! ಆದರೆ ಆ ಆ್ಯಪಿನ ಲೆಕ್ಕದಲ್ಲಿ ಅವಳು ಇನ್ನೂ ಮಾತೇ ಬಾರದವಳು.

ಆ ಆ್ಯಪ್ ನಮ್ಮ ಮನೆಗೆ ಬಂದ ಕತೆಯನ್ನೂ ಹೇಳಬೇಕು. ಹೆಸರು ಬೇಡ. ಟೈ ಕಟ್ಟಿದ ಹುಡುಗ, ಕೈಯಲ್ಲಿ ಟ್ಯಾಬ್, ಬಾಯಲ್ಲಿ ಸಕ್ಕರೆ. ಹತ್ತು ನಿಮಿಷ ಮಗಳಿಗೆ ಚಿತ್ರ ತೋರಿಸಿ ಪರೀಕ್ಷೆ ಮಾಡಿದ. ಇಗ್ಲೂ ಚಿತ್ರ ಬಂತು. ಹಿಮದಲ್ಲಿ ಕಟ್ಟುವ ಆ ಬಿಳಿ ಗುಮ್ಮಟದ ಮನೆ. ಇವಳು ಸ್ವಲ್ಪವೂ ತಡಮಾಡದೆ "ಇಡ್ಲಿ" ಅಂದಳು. ಬೆಳ್ಳಗೆ, ಉಬ್ಬಿಕೊಂಡು, 'ಇ'ಯಿಂದ ಶುರು. ನೀವೇ ಹೇಳಿ, ಎಲ್ಲಿ ತಪ್ಪು? ಅವನು ಮುಖ ಸಣ್ಣ ಮಾಡಿಕೊಂಡು "ಮಗು ಸ್ವಲ್ಪ ಹಿಂದೆ ಉಂಟು ಮೇಡಂ" ಅಂದ. ಮೂರು ವರ್ಷಕ್ಕೆ ಮೂವತ್ತು ಸಾವಿರ ಚಿಲ್ಲರೆ, ತಿಂಗಳ ಕಂತು, ದಿನಕ್ಕೆ ಎರಡು ಗಂಟೆ ಕೂರಿಸಿದರೆ ಸಾಕಂತೆ. ಐದು ವರ್ಷದೊಳಗಿನ ಮಕ್ಕಳಿಗೆ ಪರದೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿತ್ತು. ಅದನ್ನು ನಾನು ಓದಿದ್ದು ಹಣ ಕಟ್ಟಿದ ಮೇಲೆ. 'ಹಿಂದೆ ಉಂಟು' ಅನ್ನುವ ಮಾತಿಗೆ ಅಷ್ಟು ಹೆದರಿದ್ದೆ. ಬಿಎ ಓದಿದವಳು, ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ನಾಚಿಕೆ ಆಗುತ್ತದೆ ಮಾರಾಯ್ರೆ.

ಎರಡು ತಿಂಗಳಲ್ಲಿ ವರದಿ ಬಂತು. 92 ಅಂಕ, ಮೂರು ನಕ್ಷತ್ರ. ಖುಷಿಯಲ್ಲಿ ದುಬೈಯಲ್ಲಿರುವ ಗಂಡನಿಗೂ ಕಳಿಸಿದೆ. ಆಮೇಲೆ ಒಂದು ಸಂಜೆ ಸುಮ್ನೆ ಹಿಂದೆ ಕೂತು ನೋಡಿದೆ. ನಾಲ್ಕು ಚಿತ್ರ ಬರುತ್ತವೆ. ಮಗಳು ಏನೂ ಮಾಡುವುದಿಲ್ಲ, ಕೈಕಟ್ಟಿ ಕಾಯುತ್ತಾಳೆ. ಐದು ಸೆಕೆಂಡ್ ಆದ ಮೇಲೆ ಸರಿ ಉತ್ತರದ ಚಿತ್ರ ತಾನೇ ಅಲುಗಾಡುತ್ತದೆ, ಸುಳಿವು ಕೊಡಲು. ಆಗ ಒತ್ತುತ್ತಾಳೆ. ಟಣ್! ಚಪ್ಪಾಳೆ. ಮಗು ಇಂಗ್ಲಿಷ್ ಕಲಿಯಲಿಲ್ಲ, ಆ್ಯಪನ್ನು ಕಲಿತಿತು. ಬುದ್ಧಿವಂತೆಯೇ, ಅದರಲ್ಲಿ ಅನುಮಾನ ಇಲ್ಲ.

ಹಾಗಂತ ಇಂಥವೆಲ್ಲ ದಂಡ ಅಂತ ನಾನು ಹೇಳುತ್ತಿಲ್ಲ. ಒಂದು ಕೆಲಸ ಅವು ನನಗಿಂತ ಚೆನ್ನಾಗಿ ಮಾಡುತ್ತವೆ. ಕನ್ನಡದಲ್ಲಿ 49 ಅಕ್ಷರ ಕಲಿತರೆ ಹೆಚ್ಚುಕಡಿಮೆ ಬರೆದದ್ದನ್ನು ಬರೆದ ಹಾಗೇ ಓದಬಹುದು. ಇಂಗ್ಲಿಷಿನಲ್ಲಿ ಅಕ್ಷರ 26, ಸದ್ದು ಸುಮಾರು 44. ನಾವು ಕಲಿತದ್ದು ಸೀ, ಎ, ಟೀ, ಕ್ಯಾಟ್ ಅಂತ ಬಾಯಿಪಾಠ. ಸೀ, ಎ, ಟೀ ಸೇರಿಸಿದರೆ ಕ್ಯಾಟ್ ಹೇಗಾಯಿತು ಅಂತ ನಾವೂ ಕೇಳಲಿಲ್ಲ, ಟೀಚರೂ ಹೇಳಲಿಲ್ಲ. ಈಗಿನ ಫೋನಿಕ್ಸ್ ಪಾಠದಲ್ಲಿ ಅಕ್ಷರದ ಹೆಸರಿಗಿಂತ ಮೊದಲು ಸದ್ದು. ಹೆಚ್ಚಾಗಿ ಎಸ್, ಎ, ಟಿ, ಪಿ, ಐ, ಎನ್ ಈ ಆರರಿಂದ ಶುರು ಮಾಡುತ್ತಾರೆ. ಇಷ್ಟರಲ್ಲೇ ಸ್ಯಾಟ್, ಪಿನ್, ಟ್ಯಾಪ್, ಟಿನ್ ಅಂತ ಎಷ್ಟೊಂದು ಪದ ಆಗುತ್ತವೆ. ಒಂದೇ ಸದ್ದನ್ನು ಐವತ್ತು ಸಲ ಬೇಸರವಿಲ್ಲದೆ ಹೇಳುವ ತಾಳ್ಮೆ ನನಗೆಲ್ಲಿದೆ? ಯಂತ್ರಕ್ಕುಂಟು.

ಆದರೆ ಯಾರ ಸದ್ದು? ಇವಳ ಆ್ಯಪ್ ಕೊನೆಯ ಅಕ್ಷರವನ್ನು ಅಮೆರಿಕದವರ ಹಾಗೆ 'ಝೀ' ಅನ್ನುತ್ತದೆ. ಶಾಲೆಯಲ್ಲಿ 'ಝೆಡ್'. ನಮ್ಮ ಕಡೆಯ ಕಿವಿಗೆ ಝೀಯೂ ಒಂದೇ, ಜೀಯೂ ಒಂದೇ. ಹಾಗಾಗಿ ಮಗಳು ಝೀಬ್ರಾವನ್ನು ಜಿರಾಫೆಯ ಅಕ್ಷರದಿಂದ ಬರೆದು ಬಂದಳು. ನೀರು ಕೇಳುವಾಗ 'ವಾಡರ್' ಅನ್ನುತ್ತಾಳೆ. ಅಜ್ಜಿ ಎಂತ ಕೊಡಬೇಕು ಅಂತ ಗೊತ್ತಾಗದೆ ವಡೆ ತಂದುಕೊಟ್ಟರು.

ಈಗ ಗೂಗಲ್‌ನವರ ರೀಡ್ ಅಲಾಂಗ್ ಅನ್ನುವ ಆ್ಯಪ್ ಹಾಕಿಕೊಟ್ಟಿದ್ದೇನೆ. 2019ರಲ್ಲಿ ಮೊದಲು ನಮ್ಮ ದೇಶದಲ್ಲೇ 'ಬೋಲೋ' ಅನ್ನುವ ಹೆಸರಲ್ಲಿ ಬಂದದ್ದು ಅದು. ದುಡ್ಡಿಲ್ಲ, ಕತೆ ಇಳಿಸಿಕೊಂಡರೆ ನೆಟ್ ಹೋದರೂ ನಡೆಯುತ್ತದೆ. ನಮ್ಮ ಮಳೆಗಾಲಕ್ಕೆ ಅದೇ ದೊಡ್ಡದು. ಮಗು ಗಟ್ಟಿಯಾಗಿ ಓದಬೇಕು, ಅದು ಕೇಳಿಸಿಕೊಂಡು ತಡವರಿಸಿದಲ್ಲಿ ಹೇಳಿಕೊಡುತ್ತದೆ. ಬಾಯಿ ಬಿಡದೆ ಇಲ್ಲಿ ಕೆಲಸ ಆಗುವುದಿಲ್ಲ. ದಿನಕ್ಕೆ ಹದಿನೈದು ನಿಮಿಷ, ಅದೂ ಯಾರಾದರೂ ಪಕ್ಕದಲ್ಲಿದ್ದರೆ ಮಾತ್ರ. ಹೆಚ್ಚಾಗಿ ಅಮ್ಮ ಇರುತ್ತಾರೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಅದಕ್ಕೇ ಪ್ರತಿ ಪುಟಕ್ಕೂ "ಇದರಲ್ಲಿ ಎಂತ ಉಂಟು?" ಅಂತ ತುಳುವಿನಲ್ಲಿ ಕೇಳುತ್ತಾರೆ. ಇವಳು ಕತೆಯನ್ನು ತುಳುವಿನಲ್ಲಿ ಹೇಳಬೇಕು. ಓದಿದ್ದು ತಲೆಗೆ ಹೋಗಿದೆಯೋ ಇಲ್ಲವೋ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಪರೀಕ್ಷೆಯನ್ನು ಆ ಮೂವತ್ತು ಸಾವಿರದ್ದರಲ್ಲಿ ನಾನು ನೋಡಲಿಲ್ಲ.

2007ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಉಂಟು. ತುಳು, ಬ್ಯಾರಿ, ಕೊಂಕಣಿ, ಕುಂದಾಪ್ರ ಕನ್ನಡ ಆಡುವ ಮಕ್ಕಳೇ ಅಲ್ಲಿ ಕೂತಿರುವುದು. ಕೆಲವರಿಗೆ ಇಂಗ್ಲಿಷ್ ಮೂರನೆಯ ಭಾಷೆ, ಕೆಲವರಿಗೆ ನಾಲ್ಕನೆಯದು. ಹೊರಗಿನಿಂದ ಬರುವ ಸಾಫ್ಟ್‌ವೇರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು?

ಮಣಿಪಾಲದಲ್ಲಿ, ಮಂಗಳೂರಲ್ಲಿ ಸಾಫ್ಟ್‌ವೇರ್ ಮಾಡುವವರು ನನ್ನ ಗೆಳೆಯರ ಪಟ್ಟಿಯಲ್ಲಿ ತುಂಬಾ ಜನ ಇದ್ದೀರಿ. ನನ್ನ ಕೋರಿಕೆ ಸಣ್ಣದು. ತಾರಾಯಿ ಅಂದಾಗ ಟೊಂಯ್ ಅನ್ನದೆ, "ಹೌದು, ಅದನ್ನೇ ಇಂಗ್ಲಿಷಿನಲ್ಲಿ ಕೋಕನಟ್ ಅಂತಾರೆ" ಅನ್ನುವಂಥದ್ದು ಒಂದು ಮಾಡಿ. ಇಗ್ಲೂ ತೆಗೆದು ಇಡ್ಲಿ ಹಾಕಿ. ನಮ್ಮ ಮಕ್ಕಳ ದನಿಯನ್ನೇ ರೆಕಾರ್ಡ್ ಮಾಡಿಕೊಳ್ಳಿ, ಮಳೆಯ ಸದ್ದಿನ ಸಮೇತ. ಹಣ ಕೊಡುತ್ತೇನೆ. ಕಂತಿನಲ್ಲಿ ಮಾತ್ರ ಕೇಳಬೇಡಿ, ಹಳೆಯದ್ದು ಇನ್ನೂ ಹನ್ನೊಂದು ಬಾಕಿ ಉಂಟು.