ನಾಲ್ಕನೆಯ ಸುತ್ತಿಗೆ ಹಾಕಿದ ಬೇಲಿ

ಫಿಗರ್ ಸ್ಕೇಟಿಂಗ್‌ನಲ್ಲಿ ಪುರುಷರಿಗೂ ಮಹಿಳೆಯರಿಗೂ ಅಂಕದ ನಿಯಮಗಳು ಬೇರೆಬೇರೆ ಎಂಬ ದೂರು ಎದ್ದಾಗಲೆಲ್ಲ ಚರ್ಚೆ ಹೋಗಿ ನಿಲ್ಲುವುದು ಕಲಾತ್ಮಕತೆಯ ಅಂಕಗಳನ್ನು ಗುಣಿಸುವ ಸಂಖ್ಯೆಯ ಮೇಲೆ. ಸ್ಪರ್ಧೆಗೆ ಎರಡು ಸುತ್ತು: ಮೊದಲು ಚಿಕ್ಕದಾದ ಶಾರ್ಟ್ ಪ್ರೋಗ್ರಾಂ, ಆಮೇಲೆ ದೀರ್ಘವಾದ ಫ್ರೀ ಸ್ಕೇಟ್. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜಾರಿಯಲ್ಲಿದ್ದ ನಿಯಮದಂತೆ ಶಾರ್ಟ್ ಪ್ರೋಗ್ರಾಂನಲ್ಲಿ ಪುರುಷರ ಈ ಅಂಕಗಳನ್ನು 1ರಿಂದ, ಮಹಿಳೆಯರವನ್ನು 0.8ರಿಂದ ಗುಣಿಸುತ್ತಿದ್ದರು, ಫ್ರೀ ಸ್ಕೇಟ್‌ನಲ್ಲಿ ಆ ಸಂಖ್ಯೆಗಳು 2 ಮತ್ತು 1.6. ಕಲಾತ್ಮಕತೆಯ ಐದೂ ಅಂಶಗಳಿಗೆ ತೀರ್ಪುಗಾರರೆಲ್ಲ ಹತ್ತಕ್ಕೆ ಹತ್ತು ಕೊಟ್ಟರೂ ಎರಡೂ ಸುತ್ತು ಸೇರಿ ಪುರುಷನಿಗೆ 150, ಮಹಿಳೆಗೆ 120. ಆಮೇಲೆ ಸೂತ್ರ ಬದಲಾಯಿತು, ಅನುಪಾತ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು.

ಮೇಲ್ನೋಟಕ್ಕೆ ಇದು ಅವಮಾನದಂತೆ ಕಾಣುತ್ತದೆ. ಆದರೆ ಮಹಿಳೆಯರು ಸ್ಪರ್ಧಿಸುವುದು ಮಹಿಳೆಯರೊಂದಿಗೇ ಆದ್ದರಿಂದ ಈ ಸಂಖ್ಯೆಯಿಂದ ಯಾರ ಪದಕವೂ ಪುರುಷರ ಪಾಲಾಗುವುದಿಲ್ಲ. ಪುರುಷರಿಗೆ ಜಿಗಿತಗಳಿಂದ ಬರುವ ಅಂಕ ಹೆಚ್ಚು, ಆದ್ದರಿಂದ ಕಲೆಗೂ ಕಸರತ್ತಿಗೂ ಎರಡೂ ವಿಭಾಗಗಳಲ್ಲಿ ಸರಿಸುಮಾರು ಸಮನಾದ ತೂಕವಿರಲಿ ಎಂಬ ಸಮರ್ಥನೆಯನ್ನು ನಾನು ಒಪ್ಪಿಬಿಡುತ್ತಿದ್ದೆ, ಪಕ್ಕದಲ್ಲೇ ಇನ್ನೊಂದು ನಿಯಮ ಇರದಿದ್ದರೆ. ಗಾಳಿಯಲ್ಲಿ ನಾಲ್ಕು ಸುತ್ತು ಸುತ್ತುವ ಕ್ವಾಡ್ ಜಿಗಿತವನ್ನು ಶಾರ್ಟ್ ಪ್ರೋಗ್ರಾಂನಲ್ಲಿ ಮಹಿಳೆಯರು ಮಾಡುವಂತಿರಲಿಲ್ಲ, ಪುರುಷರಿಗೆ ಅಡ್ಡಿಯಿರಲಿಲ್ಲ. ಜಿಗಿತದ ಅಂಕ ಕಡಿಮೆ ಎಂಬ ಕಾರಣಕ್ಕೆ ಗುಣಕವನ್ನು ಇಳಿಸಿದವರೇ ಆ ಅಂಕವನ್ನು ಏರಿಸಿಕೊಳ್ಳುವ ದಾರಿಗೆ ಬೇಲಿ ಹಾಕಿದ್ದರು. (ಇಂಥದ್ದು ಈ ಆಟಕ್ಕೆ ಹೊಸತೇನಲ್ಲ. 1902ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರಿಗೆ ನಿಷೇಧವಿಲ್ಲದ್ದನ್ನು ಗಮನಿಸಿ ಪುರುಷರ ನಡುವೆ ಸ್ಪರ್ಧಿಸಿದ ಮ್ಯಾಜ್ ಸೈಯರ್ಸ್ ಎರಡನೆಯ ಸ್ಥಾನ ಗಳಿಸಿದರು. ನಿಷೇಧ ಬಂದದ್ದು ಆನಂತರ.)

ಬೀಜಿಂಗ್‌ನಲ್ಲಿ ರಷ್ಯಾದ ಅಲೆಕ್ಸಾಂಡ್ರಾ ಟ್ರುಸೋವಾ ಫ್ರೀ ಸ್ಕೇಟ್‌ನಲ್ಲಿ ಐದು ಕ್ವಾಡ್‌ಗಳನ್ನು ಮಾಡಿ 177.13 ಅಂಕ ಪಡೆದು ಆ ಸುತ್ತನ್ನು ಗೆದ್ದರು. ಆದರೂ ಒಟ್ಟಾರೆಯಲ್ಲಿ ಚಿನ್ನ ಗೆದ್ದ ಆನ್ನಾ ಶೆರ್ಬಕೋವಾ ಅವರಿಗಿಂತ 4.22 ಅಂಕ ಹಿಂದೆ ಬಿದ್ದರು. ಲುಟ್ಜ್ ಎಂಬ ಜಿಗಿತವನ್ನು ಮೂರು ಸುತ್ತಿನಲ್ಲಿ (ಟ್ರಿಪಲ್) ಮಾಡಿದರೆ ಆಗ ಮೂಲ ಅಂಕ 5.9, ಕ್ವಾಡ್ ಆದರೆ 11.5; ವ್ಯತ್ಯಾಸವೇ ಆ ಅಂತರಕ್ಕಿಂತ ಹೆಚ್ಚು. ಶಾರ್ಟ್ ಪ್ರೋಗ್ರಾಂನಲ್ಲಿ ಟ್ರುಸೋವಾ ಮೂರೂವರೆ ಸುತ್ತಿನ ಟ್ರಿಪಲ್ ಆಕ್ಸೆಲ್ ಜಿಗಿತದಲ್ಲಿ ಬಿದ್ದದ್ದೂ ನಿಜ, ಕ್ವಾಡ್‌ನಲ್ಲೂ ಬೀಳಬಹುದಿತ್ತು. ಆದರೆ ಬೀಳುವ ಅವಕಾಶವಾದರೂ ಇರಬೇಕಿತ್ತಲ್ಲವೇ?

ಎಳೆಯ ಹುಡುಗಿಯರ ದೇಹಕ್ಕೆ ಕ್ವಾಡ್ ಅಪಾಯ ಎಂಬ ವಾದಕ್ಕೆ ಉತ್ತರವಾಗಬಹುದಾದ ನಿಯಮ 2022ರ ಜೂನ್‌ನಲ್ಲೇ ಬಂದಿದೆ: ಹಿರಿಯರ ವಿಭಾಗದ ಕನಿಷ್ಠ ವಯಸ್ಸನ್ನು 15ರಿಂದ ಹಂತಹಂತವಾಗಿ 17ಕ್ಕೆ ಏರಿಸಲು ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ತೀರ್ಮಾನಿಸಿತು. ಹದಿನೇಳು ದಾಟಿದವರನ್ನು ಶಾರ್ಟ್ ಪ್ರೋಗ್ರಾಂನಲ್ಲಿ ತಡೆದು, ಫ್ರೀ ಸ್ಕೇಟ್‌ನಲ್ಲಿ ಅದೇ ಜಿಗಿತಕ್ಕೆ ಬಿಡುವುದರಲ್ಲಿ ಯಾವ ಕಾಳಜಿಯೂ ನನಗೆ ಕಾಣುವುದಿಲ್ಲ.

ಬೇಲಿ ತೆಗೆದರೆ ಗುಣಕವನ್ನೂ ಏರಿಸಲೇಬೇಕು, ಇದನ್ನು ನನ್ನಂತೆ ಬೇಲಿ ತೆಗೆಯಬೇಕೆನ್ನುವವರು ಮರೆಯುತ್ತಾರೆ. ಕ್ವಾಡ್ ಇರಲಿ, ಟ್ರಿಪಲ್ ಆಕ್ಸೆಲ್ ಕೂಡ ಇಲ್ಲದೆ ಬೀಜಿಂಗ್‌ನಲ್ಲಿ ಕಂಚು ಗೆದ್ದ ಜಪಾನಿನ ಕವೋರಿ ಸಕಾಮೊಟೊ ಆ ಫ್ರೀ ಸ್ಕೇಟ್‌ನಲ್ಲಿ ಟ್ರುಸೋವಾ ಅವರಿಗಿಂತ ಸುಮಾರು 24 ಅಂಕ ಹಿಂದಿದ್ದರು. ಅವರ ವೇಗಕ್ಕೂ ಮಂಜಿನ ಮೇಲಿನ ಹಿಡಿತಕ್ಕೂ ಐದನೆಯ ಒಂದು ಪಾಲು ಕಡಿತ ಮಾಡುತ್ತಲೇ ಹೋದರೆ ಆ ಅಂತರ ಇನ್ನಷ್ಟು ಹಿಗ್ಗುತ್ತದೆ.